ಒಂದು ಯೆನ್‌ಗೆ ಅರ್ಧ ರೂಪಾಯಿ: ಹಾಗಾದರೆ ಯಾರ ದುಡ್ಡು ದೊಡ್ಡದು?

ಪ್ರಶ್ನೆ: ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಾರ್ಖಾನೆಗೆ ಜಪಾನಿನ ಎಂಜಿನಿಯರ್‌ಗಳು ಬಂದು ಹೋಗುತ್ತಾರೆ. ಅವರ ಒಂದು ಯೆನ್ ಎಂದರೆ ನಮ್ಮ ಅರ್ಧ ರೂಪಾಯಿಗಿಂತ ತುಸು ಹೆಚ್ಚಂತೆ. ಹಾಗಿದ್ದರೆ ರೂಪಾಯಿಯೇ ಯೆನ್‌ಗಿಂತ ಬಲವಾದದ್ದಲ್ಲವೇ? ಡಾಲರ್ ಎದುರು ಮಾತ್ರ ಅದು ಏಕೆ ಸೋಲುತ್ತದೆ?

ಉತ್ತರ: ನಿಮ್ಮ ಅನುಮಾನ ಸಹಜ, ಆದರೆ ಲೆಕ್ಕ ತಪ್ಪು. ಒಂದೇ ರಾಗಿಯನ್ನು ಸೇರಿನಲ್ಲಿ ಅಳೆದರೆ ಒಂದು, ಪಾವಿನಲ್ಲಿ ಅಳೆದರೆ ನಾಲ್ಕು. ಅಳತೆ ಬದಲಾದ ಮಾತ್ರಕ್ಕೆ ಕಣಜ ತುಂಬುವುದೂ ಇಲ್ಲ, ಬರಿದಾಗುವುದೂ ಇಲ್ಲ. ಯೆನ್ ಒಂದು ಚಿಕ್ಕ ಅಳತೆ, ಅಷ್ಟೇ. ಟೋಕಿಯೊದಲ್ಲಿ ಒಂದು ಬಟ್ಟಲು ನೂಡಲ್ಸ್‌ಗೆ ಸಾವಿರ ಯೆನ್ ಆಸುಪಾಸು ಕೊಡಬೇಕು; ತಿಂಗಳ ಸಂಬಳವೂ ಎರಡು ಮೂರು ಲಕ್ಷ ಯೆನ್‌ಗಳಲ್ಲಿರುತ್ತದೆ.

ಆ ಅಳತೆ ಚಿಕ್ಕದಾಗಿದ್ದರ ಹಿಂದೆ ಒಂದು ಹಳೆಯ ಗಾಯವಿದೆ. 1871ರಲ್ಲಿ ಯೆನ್ ಹುಟ್ಟಿದಾಗ ಅದು ಹೆಚ್ಚುಕಡಿಮೆ ಒಂದು ಡಾಲರ್‌ಗೆ ಸಮನಾಗಿತ್ತು. ಎರಡನೇ ಮಹಾಯುದ್ಧವೂ ಅದರ ಬೆನ್ನಿಗೇ ಬಂದ ಬೆಲೆಯೇರಿಕೆಯೂ ಸೇರಿ ಅದನ್ನು ನುಚ್ಚುನೂರು ಮಾಡಿದವು. 1949ರಲ್ಲಿ ಡಾಲರ್‌ಗೆ 360 ಯೆನ್ ಎಂದು ನಿಗದಿಯಾಯಿತು, 1971ರವರೆಗೂ ಹಾಗೆಯೇ ಉಳಿಯಿತು. ಹಡಗು, ಕ್ಯಾಮೆರಾ, ಕಾರು ಮಾರಿ ಜಪಾನ್ ಮೇಲೆದ್ದದ್ದು ಆ 360ರ ಕಾಲದಲ್ಲೇ. ಟರ್ಕಿ 2005ರಲ್ಲಿ ತನ್ನ ಹಣವಾದ ಲಿರಾದಿಂದ ಆರು ಸೊನ್ನೆಗಳನ್ನು ಅಳಿಸಿಹಾಕಿತು. ಮರುದಿನ ಅಲ್ಲಿ ಯಾರೂ ಬಡವರಾಗಲಿಲ್ಲ, ಸಾಹುಕಾರರೂ ಆಗಲಿಲ್ಲ.

ಹಾಗಾಗಿ ನೋಡಬೇಕಾದದ್ದು ದರ ಎಷ್ಟಿದೆ ಎಂಬುದಕ್ಕಿಂತ ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಹಣ್ಣಿನ ರುಚಿಯೇನೂ ಹೆಚ್ಚಿರಲಿಲ್ಲ; ಮಾಲು ಕಡಿಮೆಯಿತ್ತು, ಕೊಳ್ಳುವವರು ಹೆಚ್ಚಿದ್ದರು. ಹಣವನ್ನೂ ಹೀಗೆಯೇ ಕೂಗುತ್ತಾರೆ. ಒಂದು ವ್ಯತ್ಯಾಸವುಂಟು: ಟೊಮೆಟೊವನ್ನು ಕೂಡಿಡಲಾಗದು, ಡಾಲರನ್ನು ಕೂಡಿಡಬಹುದು. ವಿನಿಮಯ ದರದ ಅರ್ಧ ಕಥೆ ಹುಟ್ಟುವುದು ಈ ಕೂಡಿಡುವ ಆಸೆಯಿಂದಲೇ.

ಯೆನ್‌ನ ಇತ್ತೀಚಿನ ಕುಸಿತವನ್ನೇ ನೋಡಿ. 2011ರಲ್ಲಿ ಡಾಲರ್‌ಗೆ 75 ಯೆನ್‌ವರೆಗೂ ಬಂದಿದ್ದ ದರ 2024ರ ಜುಲೈನಲ್ಲಿ 160 ದಾಟಿತು. ಜಪಾನಿನ ಕಾರ್ಖಾನೆಗಳು ಮುಚ್ಚಿಹೋಗಿರಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಶೇ 5ರ ಮೇಲಕ್ಕೆ ಒಯ್ದಿತ್ತು. ಜಪಾನಿನಲ್ಲಿ 2024ರ ಮಾರ್ಚ್‌ವರೆಗೂ ಅದು ಸೊನ್ನೆಗಿಂತ ಕೆಳಗಿತ್ತು. ಜಪಾನಿನಲ್ಲಿ ಬಿಡಿಗಾಸಿನ ಬಡ್ಡಿಗೆ ಸಾಲ ಎತ್ತಿ ಅಮೆರಿಕದಲ್ಲಿ ಐದು ಪರ್ಸೆಂಟಿಗೆ ಇಡುವ ಅವಕಾಶವಿದ್ದರೆ ಯಾವ ಲೇವಾದೇವಿಗಾರ ಸುಮ್ಮನಿರುತ್ತಾನೆ? ಎಲ್ಲರೂ ಯೆನ್ ಮಾರಿ ಡಾಲರ್ ಕೊಂಡರು, ಯೆನ್ ಜಾರಿತು.

ಇನ್ನು ನಮ್ಮ ರೂಪಾಯಿ. ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಎಂಬ ವಾಟ್ಸ್‌ಆ್ಯಪ್ ಸಂದೇಶ ಪ್ರತಿ ಆಗಸ್ಟ್‌ನಲ್ಲೂ ನನ್ನ ಮೊಬೈಲಿಗೆ ಬರುತ್ತದೆ. ಶುದ್ಧ ಸುಳ್ಳು. ಆಗ ರೂಪಾಯಿ ಬ್ರಿಟನ್ನಿನ ಪೌಂಡಿಗೆ ಕಟ್ಟುಬಿದ್ದಿತ್ತು. ಆ ಲೆಕ್ಕದಲ್ಲಿ ಡಾಲರ್‌ಗೆ ಸುಮಾರು 3.30 ರೂಪಾಯಿ. 1949ರಲ್ಲಿ ಅದು 4.76 ಆಯಿತು, 1966ರಲ್ಲಿ 7.50. ಇಷ್ಟು ವರ್ಷ ರೂಪಾಯಿ ಇಳಿಯುತ್ತಲೇ ಬಂದದ್ದಕ್ಕೆ ದೊಡ್ಡ ಕಾರಣ, ನಮ್ಮಲ್ಲಿ ಬೆಲೆಗಳು ಅಮೆರಿಕದ ಬೆಲೆಗಳಿಗಿಂತ ಬೇಗ ಏರಿದ್ದು. ನೂರು ರೂಪಾಯಿಗೆ ಇಲ್ಲಿಯೇ ಕಡಿಮೆ ಸಾಮಾನು ಬರುವಾಗ ಹೊರಗಿನವನು ಅದಕ್ಕೆ ಹಳೆಯ ಬೆಲೆ ಏಕೆ ಕೊಡುತ್ತಾನೆ? ಜೊತೆಗೆ ನಾವು ಮಾರುವುದಕ್ಕಿಂತ ಕೊಳ್ಳುವುದು ಜಾಸ್ತಿ. ಕಚ್ಚಾ ತೈಲದಲ್ಲಿ ಬಹುಪಾಲು ಹೊರಗಿನದು, ಅದಕ್ಕೆ ಡಾಲರ್ ಬೇಕು. ಚಿನ್ನಕ್ಕೂ ಡಾಲರ್ ಬೇಕು. ನೂರಿಪ್ಪತ್ತು ವರ್ಷ ಚಿನ್ನ ಅಗೆದ ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಇಂದು ಕೋಲಾರದ ಮದುವೆಗಳ ಒಡವೆಯೂ ಹೆಚ್ಚಾಗಿ ಆಮದು ಚಿನ್ನವೇ.

ಡಾಲರ್ ಇಲ್ಲದ ದಿನ ಹೇಗಿರುತ್ತದೆ ಎಂಬುದನ್ನು ದೇಶ 1991ರಲ್ಲಿ ಕಂಡಿತು. ಕೈಯಲ್ಲಿದ್ದದ್ದು ಎರಡು ಮೂರು ವಾರಗಳ ಆಮದಿಗಾಗುವಷ್ಟು ಮಾತ್ರ. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟು 40 ಕೋಟಿ ಡಾಲರ್ ಸಾಲ ತಂದಿತು. ಅಡವು ಇಟ್ಟುಕೊಂಡವರು ಇಬ್ಬರು: ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು, ನಿಮ್ಮ ಪ್ರಶ್ನೆಗೆ ಹೊಂದುವಂತೆ, ಬ್ಯಾಂಕ್ ಆಫ್ ಜಪಾನ್. ಅದೇ ವರ್ಷದ ಜುಲೈನಲ್ಲಿ ಎರಡು ಕಂತುಗಳಲ್ಲಿ ರೂಪಾಯಿಯ ಬೆಲೆ ಇಳಿಸಲಾಯಿತು. 1993ರಿಂದ ದರವನ್ನು ಮಾರುಕಟ್ಟೆಗೇ ಬಿಡಲಾಗಿದೆ. ಏರಿಳಿತ ವಿಪರೀತವಾದಾಗ ರಿಸರ್ವ್ ಬ್ಯಾಂಕ್ ತಾನೇ ಡಾಲರ್ ಮಾರಿಯೋ ಕೊಂಡೋ ತಡೆ ಹಾಕುತ್ತದೆ. ದುಬೈ ದಿರಾಮಿನಂತೆ ಡಾಲರ್‌ಗೆ 3.6725 ಎಂದು ಮೊಳೆ ಹೊಡೆದು ಕೂರಿಸುವ ಪದ್ಧತಿ ನಮ್ಮದಲ್ಲ. ಹಾಗೆ ಕೂರಿಸಬೇಕಾದರೆ ತೈಲ ಮಾರಿ ಗಳಿಸಿದಂಥ ಡಾಲರ್ ರಾಶಿ ಬೆನ್ನಿಗಿರಬೇಕು.

ರೂಪಾಯಿ ಇಳಿದರೆ ಎಲ್ಲರಿಗೂ ನಷ್ಟ ಎಂದುಕೊಳ್ಳಬೇಡಿ. ಚೀನಾದ ರೇಷ್ಮೆ ನೂಲು ತುಟ್ಟಿಯಾದರೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ನಮ್ಮ ರೇಷ್ಮೆಗೂಡಿಗೆ ಒಂದಿಷ್ಟು ಹೆಚ್ಚು ಕೂಗಬಹುದು. ಆದರೆ ಗೂಡು ಹೊತ್ತು ತಂದ ಟೆಂಪೊ ಕುಡಿಯುವುದು ಅದೇ ಡಾಲರ್ ಕೊಟ್ಟು ತರಿಸಿದ ತೈಲವನ್ನು.

ಯೆನ್ ಮತ್ತು ರೂಪಾಯಿಯ ನಡುವಿನ ಬಲಾಬಲ ತಿಳಿಯಬೇಕೆಂದರೆ ಇಷ್ಟು ಸಾಕು: 2020ರಲ್ಲಿ ಸಾವಿರ ಯೆನ್‌ಗೆ ಏಳುನೂರರ ಹತ್ತಿರ ರೂಪಾಯಿ ಸಿಗುತ್ತಿತ್ತು, 2024ರಲ್ಲಿ ಸಿಕ್ಕಿದ್ದು ಐನೂರೈವತ್ತರ ಆಸುಪಾಸು. ಸಂಬಳವನ್ನು ಯೆನ್‌ನಲ್ಲೇ ಪಡೆಯುವ ನಿಮ್ಮ ಜಪಾನಿ ಎಂಜಿನಿಯರ್ ಮುಂದಿನ ಸಲ ನರಸಾಪುರಕ್ಕೆ ಬಂದಾಗ ಕೇಳಿ ನೋಡಿ, ಇಲ್ಲಿಯ ಊಟದ ಬಿಲ್ಲು ಏಕೋ ಹೆಚ್ಚಾಗಿದೆ ಎಂದು ಆತ ಗೊಣಗಬಹುದು.