ಮಳೆಗಾಲದ ಐಎನ್‌ಆರ್

ಹೃದಯದ ಆಪರೇಷನ್ ಚೆನ್ನಾಗಿ ಆಯಿತೋ ಇಲ್ಲವೋ ಎಂದು ಅಳೆಯಲು ಸಾಮಾನ್ಯವಾಗಿ 30 ದಿನದ ಲೆಕ್ಕ ಹಿಡಿಯುತ್ತಾರೆ. ಅಷ್ಟರೊಳಗೆ ರೋಗಿಯ ಜೀವಕ್ಕೆ ಅಪಾಯವಾಗದಿದ್ದರೆ ಅದು ಯಶಸ್ಸು. ಸರ್ಜನ್‌ಗಳ ಕೆಲಸ ತೂಗಿ ನೋಡಲು ಇದು ಸರಿಯಾದ ಅಳತೆಯೇ. ಆದರೆ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಹೃದಯಕ್ಕೆ ಕೃತಕ ವಾಲ್ವ್ (ಕವಾಟ) ಹಾಕಿಸಿಕೊಂಡು ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗೆ ಬಂದವರಿಗೆ 31ನೇ ದಿನದಿಂದ ಬೇರೆಯೇ ಒಂದು ಲೆಕ್ಕ ಶುರುವಾಗುತ್ತದೆ. ಅದು ಜೀವನಪೂರ್ತಿ ನಡೆಯುವಂಥದ್ದು. ಅದರ ಹೆಸರು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಸಂಖ್ಯೆ.

ವಾಲ್ವ್ ಕೆಡುವುದು ಹೇಗೆ? ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ಚಿಕ್ಕಂದಿನಲ್ಲಿ ಬಂದುಹೋದ ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಹೋರಾಡಲು ಹೊರಟ ಮೈಯ ರಕ್ಷಣಾ ವ್ಯವಸ್ಥೆ ಕೆಲವು ಮಕ್ಕಳಲ್ಲಿ ಹೃದಯದ ವಾಲ್ವ್‌ಗೂ ಏಟು ಕೊಡುತ್ತದೆ. ಇದೇ ರುಮ್ಯಾಟಿಕ್ ಹೃದ್ರೋಗ. ವರ್ಷಗಳು ಕಳೆದಂತೆ ಎಡಭಾಗದ ಮಿಟ್ರಲ್ ವಾಲ್ವ್ ದಪ್ಪವಾಗಿ ಕಿರಿದಾಗುತ್ತದೆ. ಮುಂದೆ ಹೋಗಬೇಕಾದ ರಕ್ತ ಶ್ವಾಸಕೋಶದಲ್ಲೇ ನಿಲ್ಲತೊಡಗುತ್ತದೆ. ತೋಟದಿಂದ ಮನೆಗೆ ಏರು ಹತ್ತುವಾಗ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಎಷ್ಟೋ ಜನ ಇದನ್ನು ದಮ್ಮು ಅಂದುಕೊಂಡೇ ವರ್ಷ ಕಳೆಯುತ್ತಾರೆ. ಕೆಲವರಿಗೆ ಬಲೂನ್ ಹಾಕಿ ವಾಲ್ವ್ ಹಿಗ್ಗಿಸಿದರೆ ಸಾಕು. ತೀರಾ ಹಾಳಾಗಿದ್ದರೆ ಬದಲಿಸಬೇಕು.

ಜನ ಮೆಟಲ್ ವಾಲ್ವ್ ಅನ್ನುವುದು ಪೂರ್ತಿ ಲೋಹದ್ದೇ ಆಗಿರಬೇಕೆಂದಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಹಾಕಿದ ಚಿತ್ರಾ ವಾಲ್ವ್‌ನಲ್ಲಿ ಚೌಕಟ್ಟು ಲೋಹದ್ದು, ಒಳಗೆ ಓಲಾಡುವ ಬಿಲ್ಲೆ ಪ್ಲಾಸ್ಟಿಕ್‌ನದು. ಆ ಬಿಲ್ಲೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಪಕ್ಕ ಕೂತರೆ ಕೃತಕ ವಾಲ್ವ್‌ನ ಟಿಕ್ ಟಿಕ್ ಕೇಳಿಸುವುದುಂಟು. ಮೈಗೆ ಇದು ಹೊರಗಿನ ವಸ್ತು. ಹಾಗೇ ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ಬಿಲ್ಲೆಗೇ ಅಡ್ಡ ಬಂದರೆ ಟಿಕ್ ಸದ್ದು ಮಂದವಾಗಿ, ಉಸಿರು ಕಟ್ಟತೊಡಗುತ್ತದೆ. ಇದು ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣ.

ಇದನ್ನು ತಡೆಯಲು ಕೊಡುವುದು ವಾರ್ಫರಿನ್ ಅಥವಾ ಅದೇ ಜಾತಿಯ ಅಸೆನೊಕೌಮರಾಲ್ ಮಾತ್ರೆ. ವಾರ್ಫರಿನ್ ಹುಟ್ಟಿದ ಕಥೆಗೂ ಮಳೆಗೂ ನಂಟಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದ ಹಸುಗಳು ರಕ್ತಸ್ರಾವವಾಗಿ ಸಾಯತೊಡಗಿದವು. ಅವು ತಿಂದದ್ದು ಒದ್ದೆಯಾಗಿ ಬೂಸ್ಟು ಹಿಡಿದ ಒಣಮೇವು. ಮುಗ್ಗಿದ ಹುಲ್ಲು ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅಮೆರಿಕದ ವಿಸ್ಕಾನ್ಸಿನ್‌ನ ವಿಜ್ಞಾನಿ ಕಾರ್ಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಬೇರ್ಪಡಿಸಿದರು. ಅದರ ಸುಧಾರಿತ ರೂಪವೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1950ರ ದಶಕದಲ್ಲಿ ಮನುಷ್ಯರಿಗೆ ಔಷಧಿಯಾಯಿತು.

ಪಾಷಾಣವೂ ಔಷಧಿಯೂ ಆಗಬಲ್ಲ ವಸ್ತುವಿಗೆ ಅಳತೆ ಬೇಕೇ ಬೇಕು. ಲ್ಯಾಬಿನಲ್ಲಿ ನೀಲಿ ಮುಚ್ಚಳದ ಸಣ್ಣ ಟ್ಯೂಬಿಗೆ ರಕ್ತ ತುಂಬುತ್ತಾರೆ. ಒಳಗಿರುವ ಸಿಟ್ರೇಟ್ ರಕ್ತವನ್ನು ಹೆಪ್ಪುಗಟ್ಟದಂತೆ ಹಿಡಿದಿಡುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಗುರುತಿನವರೆಗೆ ತುಂಬದಿದ್ದರೆ ಫಲಿತಾಂಶ ತಪ್ಪಾಗಿ ಜಾಸ್ತಿ ಬರಬಹುದು. ಆಮೇಲೆ ಹೆಪ್ಪುಗಟ್ಟಿಸುವ ರಾಸಾಯನಿಕ ಹಾಕಿ ಸೆಕೆಂಡು ಎಣಿಸುತ್ತಾರೆ. ಆ ರಾಸಾಯನಿಕದ ಬಿರುಸು ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಎಲ್ಲ ಕಡೆಗೂ ಹೊಂದುವ ಐಎನ್‌ಆರ್ ಲೆಕ್ಕ ತಂದಿತು. ಮಾತ್ರೆ ತಗೊಳ್ಳದವರಲ್ಲಿ ಇದು ಸುಮಾರು 1. ಮಿಟ್ರಲ್ ಜಾಗದಲ್ಲಿ ಮೆಟಲ್ ವಾಲ್ವ್ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಕೆಳಗೆ ಇಳಿದರೆ ಹೆಪ್ಪಿನ ಭಯ, ಮೇಲೆ ಹೋದರೆ ರಕ್ತಸ್ರಾವದ ಭಯ.

ಈ ಮಾತ್ರೆ ರಕ್ತದ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಲಿವರ್‌ನಲ್ಲಿ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಯಾಗದಂತೆ ತಡೆಯುತ್ತದೆ. ಅದಿಲ್ಲದೆ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳು ಸರಿಯಾಗಿ ತಯಾರಾಗುವುದಿಲ್ಲ. ಆದರೆ ಮೊದಲೇ ತಯಾರಾದವು ಖರ್ಚಾಗಬೇಕಲ್ಲ? ಹೀಗಾಗಿ ವಾರ್ಫರಿನ್ ತಗೊಳ್ಳುವವರಲ್ಲಿ ಇವತ್ತಿನ ಐಎನ್‌ಆರ್ ಹೇಳುವುದು ಎರಡು ಮೂರು ದಿನ ಹಿಂದಿನ ಮಾತ್ರೆಯ ಕಥೆ. ನಿನ್ನೆ ಮರೆತೆ ಅಂತ ಇವತ್ತು ಎರಡು ನುಂಗುವುದು ಅಪಾಯ ಅನ್ನುವುದು ಇದಕ್ಕೇ.

ಇನ್ನು ಮಲೆನಾಡಿನ ಮಳೆಗಾಲಕ್ಕೆ ಬನ್ನಿ. ಹಿತ್ತಲಲ್ಲಿ ಕೆಸು ಸೊಂಪಾಗಿ ಏಳುತ್ತದೆ. ಪತ್ರೊಡೆ, ಚಗಟೆ ಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ. ಕಡು ಹಸಿರು ಎಲೆಗಳಲ್ಲಿ ವಿಟಮಿನ್ ಕೆ ಜಾಸ್ತಿ. ಒಮ್ಮೆಲೇ ಸೊಪ್ಪು ಹೆಚ್ಚಾದರೆ ಐಎನ್‌ಆರ್ ಇಳಿಯಬಹುದು. ಸರಿಯಾಗಿ ಅದೇ ತಿಂಗಳುಗಳಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ಬಸ್ಸಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಆಗುಂಬೆಯಿಂದಾದರೆ ಇನ್ನೂ 30 ಜಾಸ್ತಿ. 'ಮಳೆ ಬಿಟ್ಟ ಮೇಲೆ ಹೋದರಾಯಿತು' ಎಂದು ಟೆಸ್ಟ್ ಮುಂದೆ ಹೋಗುತ್ತದೆ. ಸಂಖ್ಯೆ ಇಳಿಯುವುದೂ ಅದನ್ನು ನೋಡುವವರಿಲ್ಲದಿರುವುದೂ ಒಟ್ಟಿಗೇ ಆಗುವುದು ನನಗೆ ನಿಜಕ್ಕೂ ಭಯ ತರುವ ವಿಷಯ. ಸೊಪ್ಪು ಬಿಡಬೇಕಿಲ್ಲ. ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿಂದರೆ ಆ ಊಟಕ್ಕೆ ತಕ್ಕಂತೆ ಡಾಕ್ಟರು ಮಾತ್ರೆ ಹೊಂದಿಸುತ್ತಾರೆ.

ಬೇಸಿಗೆಯಲ್ಲಿ ಕಷ್ಟ ಬೇರೆ ಥರ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ. ಅದರಲ್ಲೂ ರಕ್ತಸ್ರಾವ ಆಗಬಹುದು. ವಾಲ್ವ್ ಆಪರೇಷನ್ ಆದವರಿಗೆ ಜ್ವರ ಬಂದರೆ ಮೆಡಿಕಲ್ ಶಾಪಿನಿಂದ ಸುಮ್ನೆ ನೋವಿನ ಮಾತ್ರೆಯೋ ಆ್ಯಂಟಿಬಯೋಟಿಕ್ಕೋ ತಂದು ನುಂಗುವಂತಿಲ್ಲ. ಅವುಗಳಲ್ಲಿ ಹಲವು ಐಎನ್‌ಆರ್ ಅನ್ನು ಏರಿಸುತ್ತವೆ, ಇಲ್ಲವೇ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಇಲ್ಲವೇ ಎಂದು ಕೇಳುವವರಿದ್ದಾರೆ. ಬೇರೆ ಕಾಯಿಲೆಗೆ ಇವೆ. ಮೆಟಲ್ ವಾಲ್ವ್ ಇರುವವರಲ್ಲಿ ಡಬಿಗಾಟ್ರಾನ್ ಎಂಬ ಹೊಸ ಔಷಧಿಯನ್ನು ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. 2013ರಲ್ಲಿ ಅದರ ವರದಿ ಬಂತು. ಇವರಿಗೆ ಈಗಲೂ ಹಳೆಯ ಮಾತ್ರೆಯೇ ಗತಿ.

ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಒಂದು ಮಾತು ಆಗಬೇಕು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವ್‌ಗೆ, ಬೇರೆ ಕಾರಣವಿಲ್ಲದಿದ್ದರೆ, ಈ ಮಾತ್ರೆ ಜೀವನಪೂರ್ತಿ ಬೇಡ. ಆದರೆ ಅದು ಹೆಚ್ಚಾಗಿ 10–15 ವರ್ಷಕ್ಕೆ ಸವೆಯುತ್ತದೆ, ಸಣ್ಣ ವಯಸ್ಸಿನವರಲ್ಲಿ ಇನ್ನೂ ಬೇಗ. ಆಗ ಮತ್ತೆ ಆಪರೇಷನ್. ಗರ್ಭಿಣಿಯಾಗಲು ಬಯಸುವ ಹೆಣ್ಣುಮಕ್ಕಳಿಗಂತೂ ಈ ಆಯ್ಕೆ ತುಂಬಾ ಮುಖ್ಯ. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಮಗುವಿಗೆ ತೊಂದರೆ ಮಾಡಬಲ್ಲದು. 'ನಿಮ್ಮ ಮನೆಗೆ ಹತ್ತಿರದ ಲ್ಯಾಬ್ ಎಷ್ಟು ದೂರ, ಮಳೆಗಾಲದಲ್ಲಿ ಬಸ್ ಬರುತ್ತಾ' ಎಂಬ ಪ್ರಶ್ನೆ ಹೃದಯದ ಸ್ಕ್ಯಾನ್ ಆದ ಎಕೋ ರಿಪೋರ್ಟಿನಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ. ಡಾಕ್ಟರು ಕೇಳದಿದ್ದರೆ ಮನೆಯವರೇ ಹೇಳಬೇಕು.

ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಐಎನ್‌ಆರ್ ತೋರಿಸುವ ಸಣ್ಣ ಮೀಟರ್‌ಗಳು ಬಂದಿವೆ. ಬ್ಯಾಟರಿಯಲ್ಲಿ ನಡೆಯುತ್ತವೆ. ತಾವೇ ಹೀಗೆ ನೋಡಿಕೊಳ್ಳುವ ರೋಗಿಗಳಲ್ಲಿ ಹೆಪ್ಪಿನ ತೊಂದರೆ ಸುಮಾರು ಅರ್ಧಕ್ಕೆ ಇಳಿದದ್ದು ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಮೀಟರ್‌ಗೆ ಹಾಕುವ ಟೆಸ್ಟ್ ಸ್ಟ್ರಿಪ್‌ಗಳು ದುಬಾರಿ, ಮನೆಮನೆಗೂ ಒಂದೊಂದು ಅನ್ನುವುದು ಆಗದ ಮಾತು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಇಟ್ಟರೆ? ನರ್ಸ್ ಬೆರಳು ಚುಚ್ಚಿ ನೋಡಿ, ಸಂಖ್ಯೆಯನ್ನು ಫೋನಿನಲ್ಲಿ ಶಿವಮೊಗ್ಗದ ಡಾಕ್ಟರಿಗೆ ಹೇಳಿದರೆ ಡೋಸ್ ಅಲ್ಲೇ ಬದಲಿಸಬಹುದು. ಸಂಖ್ಯೆ ತೀರಾ ಜಾಸ್ತಿ ತೋರಿಸಿದರೆ ಮಾತ್ರ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸಬೇಕು. ಮೀಟರ್‌ನ ಲೆಕ್ಕ ಅಷ್ಟು ಮೇಲೆ ಹೋದಾಗ ಕೊಂಚ ತಪ್ಪುತ್ತದೆ.