ನಂಬರ್ ಬಾಯಿಪಾಠ, ಮನೆ ಎಲ್ಲಿ ಅಂತ ಗೊತ್ತಿಲ್ಲ

ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹಡಗೊಂದು ಸಿಡಿದು ನಮ್ಮಂಥ ಅಗ್ನಿಶಾಮಕರು ತುಂಬ ಜನ ಪ್ರಾಣ ಕಳೆದುಕೊಂಡರು. ಏಪ್ರಿಲ್‌ನಲ್ಲಿ ಇಲ್ಲಿ ಶಾಲೆಗಳಿಗೆ ರಜೆ. ಹಾಗಾಗಿ ಕಾಸರಗೋಡಿನ ಟೀಚರುಗಳು ನಮ್ಮನ್ನು ಕರೆಯುವುದು ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ. ಫೈರ್ ಫೋರ್ಸಿನ ಗಾಡಿ ಶಾಲೆಯ ಅಂಗಳಕ್ಕೆ ಬಂದರೆ ಎಲ್‌ಕೆಜಿ, ಯುಕೆಜಿ ಮಕ್ಕಳ ಖುಷಿ ನೋಡಬೇಕು. ಹೆಲ್ಮೆಟ್ ಹಾಕಿಕೊಳ್ಳುತ್ತಾರೆ, ಸೈರನ್ ಕೇಳಬೇಕು ಅಂತ ಹಟ ಮಾಡುತ್ತಾರೆ. ಉಸಿರಾಟದ ಮಾಸ್ಕನ್ನು ನಾನು ಅವರ ಎದುರಿಗೇ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸುತ್ತೇನೆ. ಹೊಗೆಯೊಳಗೆ ಆ ಮುಖ ಕಂಡು ಹೆದರಿ ಮಂಚದಡಿ ಅಡಗಿದ ಮಗುವನ್ನು ಹುಡುಕುವುದು ಬಹಳ ಕಷ್ಟ.

ಆಮೇಲೆ ಪ್ರಶ್ನೆ ಕೇಳುತ್ತೇನೆ. ಬೆಂಕಿ ಬಿದ್ದರೆ? 101! ಆಂಬುಲೆನ್ಸ್? 108! ಯಾವ ತೊಂದರೆಗೂ ಒಂದೇ ನಂಬರ್? 112! ಇಡೀ ಕ್ಲಾಸು ಒಟ್ಟಿಗೆ ಕೂಗುತ್ತದೆ. ಹಿಂದೆ ನಿಂತ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಪ್ರಶ್ನೆಗೆ ಎಲ್ಲರೂ ಸುಮ್ಮನಾಗುತ್ತಾರೆ. ಪುಟ್ಟಾ, ನಿನ್ನ ಮನೆ ಎಲ್ಲಿ? "ಅಲ್ಲಿ." ಅಪ್ಪನ ಹೆಸರೇನು? "ಅಪ್ಪ."

ತಪ್ಪು ಮಕ್ಕಳದ್ದಲ್ಲ. ಹೇಳಿಕೊಡದೆ ಇದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ನನಗೆ ಬೇಸರ ದೊಡ್ಡವರ ಮೇಲೆ. ಮನೆ ಎಲ್ಲಿ, ಅಪ್ಪನ ಹೆಸರೇನು ಅಂತ ಕಲಿಸಿ ಎಂದು ಪ್ರತಿ ಶಾಲೆಯಲ್ಲೂ ಹೇಳುತ್ತೇನೆ, ಮುಂದಿನ ವರ್ಷ ಹೋದರೆ ಮತ್ತೆ ಬರೀ ನಂಬರು.

ಸ್ವಲ್ಪ ಯೋಚಿಸಿ. 112ಕ್ಕೆ ಕರೆ ಮಾಡಿದರೆ ಫೋನ್ ಎತ್ತುವುದು ತಿರುವನಂತಪುರದಲ್ಲಿ. ಅಲ್ಲಿಂದ ನಮ್ಮ ಜಿಲ್ಲೆಗೆ ತಿಳಿಸುತ್ತಾರೆ. ತಲಪಾಡಿ ಹತ್ತಿರ ಮೊಬೈಲು ಆಚೆ ರಾಜ್ಯದ ಟವರನ್ನು ಹಿಡಿದರೆ ಕರೆ ಕರ್ನಾಟಕಕ್ಕೆ ಹೋದರೂ ಹೋಗಬಹುದು. ಫೋನಿನಿಂದ ಜಾಗ ಸುಮಾರಾಗಿ ಗೊತ್ತಾಗಬಹುದು, ಆದರೆ ನಮ್ಮ ಗುಡ್ಡೆ, ತೋಟದ ನಡುವೆ ಅದನ್ನೇ ನಂಬಿ ಕೂರಬಾರದು. ಮಗು "ಪದವು" ಅಂತ ಮಾತ್ರ ಹೇಳಿದರೆ ಯಾವ ಪದವು? "ಮೂಲೆ" ಅಂದರೆ ಯಾವ ಮೂಲೆ? ಇಲ್ಲಿ ಎಷ್ಟೋ ಊರುಗಳ ಹೆಸರು ಹೀಗೇ ಮುಗಿಯುತ್ತದೆ. ಗಾಡಿ ಹೊರಡುವುದು ಉಪ್ಪಳದಿಂದಲೋ, ಕಾಸರಗೋಡಿನಿಂದಲೋ, ಕುತ್ತಿಕ್ಕೋಲಿನಿಂದಲೋ ಅಂತ ತೀರ್ಮಾನ ಆಗಬೇಕಾದರೂ ಊರು ಗೊತ್ತಾಗಬೇಕು, ಅಲ್ವಾ?

ಹಾಗಾಗಿ ಮೊದಲು ಜಾಗ, ಆಮೇಲೆ ಏನಾಯಿತು ಅಂತ. ಈ ಕ್ರಮ ತಪ್ಪಬಾರದು. ಲೈನ್ ಮಧ್ಯದಲ್ಲಿ ಕಟ್ಟಾದರೂ ಜಾಗ ಗೊತ್ತಿದ್ದರೆ ಯಾರಾದರೂ ಬಂದು ನೋಡಬಹುದು. "ಅಜ್ಜಿ ಬಾವಿಗೆ ಬಿದ್ದರು" ಅಂತ ಅತ್ತು ಫೋನ್ ಇಟ್ಟರೆ ನಾವು ಎಲ್ಲಿಗೆ ಹೋಗುವುದು? ಜಿಲ್ಲೆ, ಪಂಚಾಯತು, ಪೇಟೆ, ಹತ್ತಿರದ ಒಂದು ಗುರುತು, ಅಪ್ಪ ಅಥವಾ ಅಮ್ಮನ ಪೂರ್ತಿ ಹೆಸರು. ಇಷ್ಟು ಸಾಕು. ಪಿನ್‌ಕೋಡ್, ಮನೆ ನಂಬರು ಬೇಡ.

ಗುರುತು ಅಂದಾಗ ಪೆರ್ಲದ ಕಡೆಯ ಒಂದು ಅಂಗನವಾಡಿ ನೆನಪಾಗುತ್ತದೆ. ಒಬ್ಬಳು ಹುಡುಗಿ ಎದ್ದು ನಿಂತು, "ಬಸ್ಸು ಇಳಿದು ಭಜನಾ ಮಂದಿರ ದಾಟಿ, ಬೀಡ ಮಾರುವ ಅಜ್ಜನ ಹತ್ತಿರ ಕೇಳಿ ಮಾಮಾ, ಅವರಿಗೆ ನಮ್ಮ ನಾಯಿ ಗೊತ್ತುಂಟು" ಅಂದಳು. ಎಲ್ಲರೂ ನಕ್ಕರು. ನನಗೆ ಅವಳನ್ನು ಎತ್ತಿ ಮುದ್ದಾಡಬೇಕು ಅನಿಸಿತು. ಅದರ ಮುಂದೆ "ಎಣ್ಮಕಜೆ ಪಂಚಾಯತು, ಪೆರ್ಲ" ಅಂತ ಸೇರಿಸಿದರೆ ಅದಕ್ಕಿಂತ ಒಳ್ಳೆ ವಿಳಾಸ ಬೇರೆ ಇಲ್ಲ. ದೊಡ್ಡವರು ಎಷ್ಟೋ ಸಲ ಇಷ್ಟೂ ಹೇಳುವುದಿಲ್ಲ, "ಬೇಗ ಬನ್ನಿ, ಬೇಗ ಬನ್ನಿ" ಅಂತಲೇ ಇರುತ್ತಾರೆ.

ಕೆಲವು ಅಮ್ಮಂದಿರು ಕೇಳುತ್ತಾರೆ: "ಗುರುತಿಲ್ಲದವರಿಗೆ ವಿಳಾಸ ಹೇಳಬೇಡ ಅಂತ ನಾವೇ ಹೇಳಿದ್ದೇವಲ್ಲ ಸರ್?" ಸರಿಯಾದ ಪ್ರಶ್ನೆ. ನಾನು ಮಕ್ಕಳಿಗೆ ಹೇಳುವುದು ಹೀಗೆ: ಯಾರಾದರೂ ನಿನಗೆ ಫೋನ್ ಮಾಡಿ ಮನೆ ಎಲ್ಲಿ ಅಂತ ಕೇಳಿದರೆ ಹೇಳಬೇಡ, ಅಮ್ಮನಿಗೆ ಕೊಡು. ನೀನೇ 112ಕ್ಕೆ ಮಾಡಿದಾಗ ಅವರು ಕೇಳಿದರೆ ಎಲ್ಲವನ್ನೂ ಹೇಳು. ಅವರೇ ಸಾಕು ಅನ್ನುವವರೆಗೆ ಫೋನ್ ಇಡಬೇಡ. ಐದು ವರ್ಷದ ಮಕ್ಕಳಿಗೆ ಈ ವ್ಯತ್ಯಾಸ ಸಾಮಾನ್ಯವಾಗಿ ತಿಳಿಯುತ್ತದೆ. ಎಲ್ಲರಿಗೂ ಒಂದೇ ವಯಸ್ಸಿಗೆ ಬರಬೇಕು ಅಂತಿಲ್ಲ, ಒತ್ತಾಯ ಮಾಡಬೇಡಿ. ತೀರಾ ಚಿಕ್ಕವರಾದರೆ ಹೊರಗೆ ಓಡಿ ಪಕ್ಕದ ಮನೆಯವರನ್ನು ಕೂಗಲು ಕಲಿಸಿ, ಅದೇ ಸಾಕು. ಬೆಂಕಿ ಇದ್ದರೆ ದೊಡ್ಡ ಮಕ್ಕಳೂ ಮೊದಲು ಹೊರಗೆ ಬರಬೇಕು, ಫೋನ್ ಆಮೇಲೆ.

ಇನ್ನೊಂದು ಮಾತು. ಫೋನ್ ಲಾಕ್ ಆಗಿದ್ದರೂ 112ಕ್ಕೆ ಕರೆ ಮಾಡಬಹುದು. ಪರದೆಯಲ್ಲಿ ತುರ್ತು ಕರೆ ಅಂತ ಇರುತ್ತದೆ, ಅದು ಎಲ್ಲಿದೆ ಅಂತ ಮಗುವಿಗೆ ತೋರಿಸಿ. ಒತ್ತಿ ಪರೀಕ್ಷೆ ಮಾಡಬೇಡಿ. ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸಕ್ಕೆ ಆಟದ ಫೋನ್ ಸಾಕು. ನೀವು 112ರವರಾಗಿ, ಮಗು ಕರೆ ಮಾಡಲಿ. ಒಂದು ಸಲ ಮಲಯಾಳದಲ್ಲೂ ಕೇಳಿ ನೋಡಿ. ಮನೆಯಲ್ಲಿ ಕನ್ನಡ, ತುಳು ಮಾತ್ರ ಆಡುವ ಮಗು ಗಾಬರಿಯಲ್ಲಿ ತಡವರಿಸಬಹುದು. ಆಗಲೂ ಊರಿನ ಹೆಸರು, ಅಪ್ಪನ ಹೆಸರು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಹಗಲಿಡೀ ಅಜ್ಜ ಅಜ್ಜಿಯ ಜೊತೆ ಮಗು ಮಾತ್ರ ಇರುವ ಮನೆಗಳು ಈಗ ಜಾಸ್ತಿ. ಅಂಥ ಮನೆಯಲ್ಲಿ ಜಾಗ, ಗುರುತು, ಹೆಸರು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು, ಫೋನ್ ಚಾರ್ಜಿಗೆ ಹಾಕುವ ಜಾಗದ ಪಕ್ಕ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಮೊದಲ ಸಾಲಿನಲ್ಲಿ ಪಂಚಾಯತು ಮತ್ತು ಪೇಟೆ ಇರಲಿ, 112 ಕೊನೆಗೆ ಬಂದರೂ ಸಾಕು. ಅದು ಮಕ್ಕಳಿಗೆ ಹೇಗೂ ಬರುತ್ತದೆ.