ಶೇಂಗಾದ ಎಲ್ಲ ಗಿಡವೂ ‘ಮಿಶ್ರ’ ಅಂತ ಯಾಕೆ ಬರುತ್ತದೆ?

ಪ್ರಶ್ನೆ: ಕಲಬುರಗಿಯಲ್ಲಿ ಕೃಷಿ ಓದುತ್ತಿದ್ದೇನೆ. ಶೇಂಗಾದ ಎಫ್‌6 ಗಿಡಗಳ, ಅಂದರೆ ಎರಡು ತಳಿ ಸೇರಿಸಿದ ಮೇಲಿನ ಆರನೇ ತಲೆಮಾರಿನ, ಡಿಎನ್‌ಎ ಓದಿಸಿದೆವು. ಒಂದು ಮಾರ್ಕರ್‌ನಲ್ಲಿ (ಗಿಡಗಳನ್ನು ಹೋಲಿಸಲು ನೋಡುವ ಡಿಎನ್‌ಎ ಜಾಗ) ಎಲ್ಲ ಗಿಡವೂ ಹೆಟರೋಜೈಗಸ್, ಅಂದರೆ ಒಂದೇ ಜಾಗದಲ್ಲಿ ಎರಡು ಬಗೆಯ ಅಕ್ಷರ ಇರುವ ‘ಮಿಶ್ರ’, ಅಂತ ಬಂದಿದೆ. ಸ್ಯಾಂಪಲ್ ಕಲಬೆರಕೆ ಆಗಿದೆಯಾ?

ಸ್ಯಾಂಪಲ್‌ಗಿಂತ ಮೊದಲು ಮಾರ್ಕರ್ ಮೇಲೆ ಅನುಮಾನ ಪಡಿ. ಶೇಂಗಾ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆ. ಎಫ್‌2ನಲ್ಲಿ ಅರ್ಧದಷ್ಟು ಗಿಡ ಮಿಶ್ರ. ತಲೆಮಾರಿಗೊಮ್ಮೆ ಅದು ಅರ್ಧವಾಗುತ್ತ ಎಫ್‌6ಗೆ ನೂರಕ್ಕೆ ಮೂರು ಉಳಿದರೆ ಜಾಸ್ತಿ. ನೂರಕ್ಕೆ ನೂರು ಅಂದರೆ ಎಲ್ಲೋ ಎಡವಟ್ಟಾಗಿದೆ, ಅಲ್ವಾ?

ಶೇಂಗಾಕ್ಕೆ 40 ಕ್ರೋಮೋಸೋಮ್. ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳಿಂದ ಬಂದ 20-20ರ ಎರಡು ಸೆಟ್. ಎರಡೂ ಅವಳಿಗಳ ಹಾಗೆ. ಒಂದು ಸೆಟ್‌ನಲ್ಲಿ ಎಲ್ಲ ಗಿಡಕ್ಕೂ ಡಿಎನ್‌ಎ ಅಕ್ಷರ ಸಿ, ಇನ್ನೊಂದರಲ್ಲಿ ಎಲ್ಲಕ್ಕೂ ಟಿ ಇದೆ ಅನ್ನಿ. ಸಾಫ್ಟ್‌ವೇರ್ ಎರಡೂ ಕಡೆಯ ರೀಡ್‌ಗಳನ್ನು (ಯಂತ್ರ ಓದಿದ ಡಿಎನ್‌ಎ ತುಣುಕು) ಒಂದೇ ಜಾಗಕ್ಕೆ ಕೂರಿಸಿದರೆ ಪ್ರತಿ ಗಿಡವೂ ಸಿ-ಟಿ! ನಮ್ಮ ತೊಗರಿಗೆ 22 ಕ್ರೋಮೋಸೋಮ್, ಈ ತಲೆನೋವು ಕಡಿಮೆ. ಬೀದರ್ ಕಡೆಯ ಕಬ್ಬಿಗೆ ನೂರರ ಮೇಲೆ. ಅದರ ಕಥೆ ಕೇಳಲೇಬೇಡಿ.

ಹಿಡಿಯುವುದು ಹೇಗೆ? ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗಿ. ಕೆಂಪು ತೊಗರಿ ಚೀಲ ಬೇರೆ, ಬಿಳಿ ತೊಗರಿ ಚೀಲ ಬೇರೆ. ಒಂದೇ ಚೀಲದಿಂದ ಎರಡು ಕಾಳು ತೆಗೆದರೆ ಒಂದೇ ಬಣ್ಣ. ಎಲ್ಲ ಚೀಲವನ್ನೂ ರಾಶಿ ಸುರಿದು ತೆಗೆದರೆ ಬಣ್ಣ ಬೇರೆ ಬರಬಹುದು. ಪ್ರತಿ ಚೀಲವೂ ರಾಶಿಯಷ್ಟೇ ಬೆರೆತಿದ್ದರೆ? ಯಾರೋ ಮೊದಲೇ ಕಲಸಿದ್ದಾರೆ.

ಲೆಕ್ಕವೂ ಅಷ್ಟೇ: ಚೀಲ ಅಂದರೆ ಗಿಡ, ಕಾಳು ಅಂದರೆ ರೀಡ್. ಒಂದೇ ಗಿಡದ ಎರಡು ರೀಡ್ ಬೇರೆ ಬೇರೆ ಇರುವ ಸಾಧ್ಯತೆಯನ್ನು, ಎಲ್ಲ ಗಿಡಗಳ ರಾಶಿಯಿಂದ ತೆಗೆದಾಗಿನ ಸಾಧ್ಯತೆಯಿಂದ ಭಾಗಿಸಿ. ಎಫ್‌6ನಲ್ಲಿ ಸರಿಯಾದ ಮಾರ್ಕರ್‌ಗೆ 0.03ರ ಆಸುಪಾಸು ಬರಬೇಕು. ನಿಮ್ಮದಕ್ಕೆ 1 ಬರುತ್ತದೆ, ಅಂಥ ಮಾರ್ಕರ್ ಬಿಟ್ಟುಬಿಡಿ. ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನ ಪಾಲಿರ್‍ಯಾಡ್ ಪ್ಯಾಕೇಜ್ ಇದನ್ನು ಮಾಡಿಕೊಡುತ್ತದೆ. ಒಂದೊಂದೇ ಗಿಡದ ಸಂಖ್ಯೆ ನೋಡಿ ತೀರ್ಪು ಕೊಡಬೇಡಿ: 8 ರೀಡ್ ಇದ್ದರೆ, ನಿಜವಾಗಿ ಅರ್ಧಂಬರ್ಧ ಇರುವ ಗಿಡವೂ ಹತ್ತರಲ್ಲಿ ಸುಮಾರು ಮೂರು ಸಲ 2-6 ಅಥವಾ ಅದಕ್ಕಿಂತ ಓರೆಯಾಗಿ ಕಾಣುತ್ತದೆ.

ಆದರೆ ಉತ್ತರ 0.67ರ ಸುಮಾರು ಬಂದರೆ ಮಾರ್ಕರ್ ಎಸೆಯಬೇಡಿ. ಒಂದು ಸೆಟ್‌ನಲ್ಲಿ ಎಲ್ಲಕ್ಕೂ ಟಿ, ಇನ್ನೊಂದರಲ್ಲಿ ಅರ್ಧ ಗಿಡಕ್ಕೆ ಸಿ, ಅರ್ಧಕ್ಕೆ ಟಿ ಇರಬಹುದು. ಆಗ ಅರ್ಧ ಗಿಡ ‘ಮಿಶ್ರ’, ಅರ್ಧ ಟಿ-ಟಿ ಕಾಣುತ್ತವೆ. ಸಿ-ಸಿ ಒಂದೂ ಸಿಗುವುದಿಲ್ಲ. ಎರಡನೇ ಸೆಟ್‌ನ ಮಟ್ಟಿಗೆ ಆ ‘ಮಿಶ್ರ’ವನ್ನು ಸಿ-ಸಿ ಎಂದೇ ಓದಿಕೊಳ್ಳಿ.